ತಂದೂರಿನ ರೊಟ್ಟಿಯೂ ಮನೆಯ ಒಲೆಯೂ

ಪೇಟೆಯ ಹೋಟೆಲುಗಳಲ್ಲಿ ದೊರೆಯುವ ನಾನ್, ತಂದೂರಿ ರೊಟ್ಟಿ ಮೊದಲಾದುವನ್ನು ಮನೆಯಲ್ಲಿಯೇ ಮಾಡಿ ನೋಡಬೇಕೆಂಬ ಅಪೇಕ್ಷೆ ಕನ್ನಡನಾಡಿನ ಗೃಹಗಳಲ್ಲಿಯೂ ಈಚೆಗೆ ವಿಶೇಷವಾಗಿ ಕಂಡುಬರುತ್ತಿದೆ. ಹಿಟ್ಟು ಅದೇ, ಮೊಸರು ಅದೇ, ನಾದುವ ಕೈಯೂ ನುರಿತದ್ದೇ. ಆದರೂ ಒಲೆಯಿಂದ ಇಳಿದದ್ದು ಹೋಟೆಲಿನ ರೊಟ್ಟಿಯಾಗದೆ ದಪ್ಪನೆಯ ಚಪಾತಿಯಾಗಿಯೇ ಉಳಿಯುವುದನ್ನು ಕಂಡು, ಪದಾರ್ಥಗಳ ಪ್ರಮಾಣದಲ್ಲಿ ಏನೋ ಒಂದು ಗುಟ್ಟು ಅಡಗಿರಬೇಕೆಂದು ಅನೇಕರು ಊಹಿಸುತ್ತಾರೆ. ಗುಟ್ಟು ಇರುವುದು ನಿಜ. ಆದರೆ ಅದು ಇರುವುದು ಒಲೆಯಲ್ಲಿ. ಆ ಒಲೆಯ ಚರಿತ್ರೆ ಸಹಸ್ರಾರು ವರ್ಷಗಳಷ್ಟು ದೀರ್ಘವಾದುದು. ಅದನ್ನು ಸ್ವಲ್ಪ ಪರಿಶೀಲಿಸಿದರೆ, ಇಂದು ಹೋಟೆಲಿನದೆಂದು ಹೆಸರಾದ ಈ ರೊಟ್ಟಿಯು ಬಹುಕಾಲದವರೆಗೆ ಹೋಟೆಲಿನ ಸೊತ್ತಾಗಿರಲಿಲ್ಲವೆಂಬುದೂ, ಬಹುಮಟ್ಟಿಗೆ ಅದು ಕೇರಿಯ ಸೊತ್ತಾಗಿತ್ತೆಂಬುದೂ ತಿಳಿದುಬರುತ್ತದೆ.

ಮೊದಲು ಶಬ್ದಗಳನ್ನು ನೋಡೋಣ. ‘ನಾನ್’ ಎಂಬುದು ಪಾರಸೀ ಶಬ್ದ. ಅದರ ಅರ್ಥ ರೊಟ್ಟಿ ಎಂದಷ್ಟೇ. ಆದುದರಿಂದ ‘ನಾನ್ ರೊಟ್ಟಿ’ ಎನ್ನುವುದು ‘ನಡುಮಧ್ಯ’ ಎಂದಂತೆಯೇ ಸರಿ. ಕನ್ನಡಿಗರ ಕಿವಿಗೆ ಆ ಶಬ್ದವು ಉತ್ತಮಪುರುಷ ಸರ್ವನಾಮದಂತೆ ಕೇಳಿ ನಗೆಯನ್ನು ತರಿಸುವುದುಂಟು. ಅದು ಕೇವಲ ಆಕಸ್ಮಿಕ. ‘ತಂದೂರ್’ ಎಂಬುದರ ವಂಶಾವಳಿ ಇನ್ನೂ ಹಿರಿದು. ಪ್ರಾಚೀನ ಬ್ಯಾಬಿಲೋನಿಯದ ಅಕ್ಕಾದೀ ಭಾಷೆಯಲ್ಲಿ ‘ತಿನೂರು’ ಎಂಬ ರೂಪವಿದೆ. ಹೀಬ್ರೂ ಮತ್ತು ಅರಬೀ ಭಾಷೆಗಳಲ್ಲಿ ‘ತನ್ನೂರ್’, ಪಾರಸಿಯಲ್ಲಿ ‘ತನೂರ್’, ಅರ್ಮೇನಿಯದಲ್ಲಿ ‘ತೊನೀರ್’, ಜಾರ್ಜಿಯದಲ್ಲಿ ‘ತೋನೆ’, ತುರ್ಕಿಯಲ್ಲಿ ‘ತಂದಿರ್’. ಕುರಾನಿನಲ್ಲಿ ಬರುವ ಪ್ರಳಯದ ಕಥೆಯಲ್ಲಿ ನೀರು ಉಕ್ಕುವುದೂ ಒಂದು ತನ್ನೂರಿನಿಂದಲೇ. ಇಷ್ಟು ದೂರ ಇಷ್ಟು ಜನಾಂಗಗಳ ಬಾಯಲ್ಲಿ ಹೆಚ್ಚು ಮಾರ್ಪಾಡಿಲ್ಲದೆ ಸಂಚರಿಸಿದ ಪಾತ್ರೆಯ ಹೆಸರು ಮತ್ತೊಂದಿರುವುದು ಅಪೂರ್ವ. ರಾಜ್ಯಗಳು ಅಳಿದುವು, ಲಿಪಿಗಳು ಮರೆತುಹೋದುವು. ಮಣ್ಣಿನ ಒಲೆ ಮಾತ್ರ ತನ್ನ ಹೆಸರನ್ನು ಬಿಟ್ಟುಕೊಡಲಿಲ್ಲ.

ಭರತಖಂಡದಲ್ಲಿ ಗೋದಿಯ ಬಳಕೆ ಹೊಸತೇನೂ ಅಲ್ಲ. ಯಜುರ್ವೇದದ ಚಮಕದಲ್ಲಿ ಭತ್ತ, ಜವೆ, ಉದ್ದು, ಎಳ್ಳು, ಹೆಸರು ಮುಂತಾದ ಧಾನ್ಯಗಳ ಸಾಲಿನಲ್ಲಿ ಗೋಧೂಮವೂ ಬರುವುದನ್ನು ಅದನ್ನು ಪಠಿಸುವವರೆಲ್ಲರೂ ಬಲ್ಲರು. ಅಮರಕೋಶದಲ್ಲಿ ಭಕ್ಷ್ಯಗಳನ್ನು ಮಾಡುವವನಿಗೆ ‘ಆಪೂಪಿಕ’, ‘ಕಾಂದವಿಕ’ ಎಂಬ ಹೆಸರುಗಳಿವೆ; ಹಿಟ್ಟನ್ನು ಬೇಯಿಸುವ ಪಾತ್ರೆಗೆ ‘ಪಿಷ್ಟಪಚನ’ವೆಂಬ ಹೆಸರಿದೆ. ಅಂದರೆ ರೊಟ್ಟಿ ಮಾಡುವವನೊಬ್ಬ ಕಸಬುದಾರನು ಆಗಲೇ ಊರಿನಲ್ಲಿದ್ದನು. ‘ರೋಟಿಕಾ’ ಎಂಬ ಶಬ್ದವಾದರೋ ಈಚಿನದು. 16ನೆಯ ಶತಮಾನದ ಭಾವಮಿಶ್ರನ ವೈದ್ಯಗ್ರಂಥವಾದ ಭಾವಪ್ರಕಾಶದಲ್ಲಿ ಅದು ಕಾಣುತ್ತದೆ. ಗ್ರಂಥಗಳಿಗಿಂತಲೂ ಹಿಂದಿನ ಸಾಕ್ಷ್ಯವು ಭೂಗರ್ಭದಿಂದ ದೊರೆತಿದೆ. ರಾಜಸ್ಥಾನದಲ್ಲಿ ಘಗ್ಗರ್ ನದಿಯ ದಡದಲ್ಲಿರುವ ಕಾಲೀಬಂಗದಲ್ಲಿ 1960ರ ದಶಕದಲ್ಲಿ ಬಿ. ಬಿ. ಲಾಲ್ ಮತ್ತು ಬಿ. ಕೆ. ಥಾಪರ್ ಅವರು ಉತ್ಖನನ ನಡೆಸಿದಾಗ, ಹರಪ್ಪಾ ನಾಗರಿಕತೆಗೂ ಸ್ವಲ್ಪ ಹಿಂದಿನ ಮನೆಗಳಲ್ಲಿ ಇಂದಿನ ತಂದೂರನ್ನೇ ಹೋಲುವ ಒಲೆಗಳು ಕಂಡುಬಂದುವು. ಆ ಒಲೆಯಲ್ಲಿ ಬೆಂದುದು ಎಂತಹ ರೊಟ್ಟಿಯೆಂದು ಬೂದಿಯು ಹೇಳಲಾರದು. ಆದರೂ ಪಂಜಾಬು, ರಾಜಸ್ಥಾನಗಳ ಮಣ್ಣಿಗೆ ಈ ಒಲೆಯು ಪರಕೀಯವೆಂದು ವಾದಿಸುವವರು ಕಾಲೀಬಂಗವನ್ನು ಮರೆಯಬಾರದು. ಅಂತೆಯೇ ಎಲ್ಲವೂ ಇಲ್ಲಿಂದಲೇ ಹೊರಗೆ ಹೋಯಿತೆಂದು ವಾದಿಸುವವರು ಬ್ಯಾಬಿಲೋನಿಯದ ಶಬ್ದವನ್ನು ಮರೆಯಬಾರದು.

ಇನ್ನು ಆ ಒಲೆಯ ಸ್ವರೂಪ. ತಂದೂರು ಎಂದರೆ ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರುವ ದೊಡ್ಡ ಮಣ್ಣಿನ ಹರವಿ ಎನ್ನಬಹುದು. ಜೇಡಿಮಣ್ಣಿಗೆ ಹುಲ್ಲು ಅಥವಾ ಕೂದಲನ್ನು ಕಲಸಿ ಗೋಡೆಯನ್ನು ಎತ್ತರಿಸುತ್ತ ಬಂದು, ನೆರಳಿನಲ್ಲಿ ಒಣಗಿಸಿ, ನೆಲದಲ್ಲಿ ಹೂಳುವುದೋ ಸುತ್ತಲೂ ಇಟ್ಟಿಗೆ ಕಟ್ಟಿ ಮಣ್ಣು ತುಂಬುವುದೋ ಮಾಡುತ್ತಾರೆ. ತಳದಲ್ಲಿ ಕಟ್ಟಿಗೆ ಅಥವಾ ಇದ್ದಲು ಉರಿದು ಕೆಂಡವಾದ ಮೇಲೆ ಗೋಡೆಯು ಕಾವನ್ನು ಕುಡಿದು ನಿಲ್ಲುತ್ತದೆ. ಒಳಗಿನ ಉಷ್ಣವು 400 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದುಂಟು. ಹಿಟ್ಟಿನ ಹಾಳೆಯ ಒಂದು ಮೈಗೆ ನೀರನ್ನು ಸವರಿ, ಬಟ್ಟೆಯ ದಿಂಬಿನ ಮೇಲಿಟ್ಟು, ಕೈಯನ್ನು ಒಳಕ್ಕೆ ಇಳಿಸಿ ಗೋಡೆಗೆ ಬಡಿದರೆ ಅದು ಅಲ್ಲಿಯೇ ಅಂಟಿಕೊಳ್ಳುತ್ತದೆ. ಅಂಟಿದ ಮೈ ಗೋಡೆಯ ಕಾವಿನಿಂದಲೂ, ತೆರೆದ ಮೈ ಕೆಂಡದ ಝಳದಿಂದಲೂ, ಎರಡರ ಸುತ್ತ ಸುಳಿಯುವ ಬಿಸಿಗಾಳಿಯಿಂದಲೂ ಏಕಕಾಲದಲ್ಲಿ ಬೇಯುತ್ತವೆ. ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಬರಲು ದಾರಿ ಕಾಣದೆ ಗುಳ್ಳೆಗಳಾಗಿ ಉಬ್ಬುತ್ತದೆ; ಗುಳ್ಳೆಯ ನೆತ್ತಿಯು ಕಪ್ಪಾಗುತ್ತದೆ; ಒಳಭಾಗವು ಒಣಗುವುದಕ್ಕೆ ಮುಂಚೆಯೇ ರೊಟ್ಟಿಯನ್ನು ಕಬ್ಬಿಣದ ಕೊಕ್ಕೆಯಿಂದ ಕಿತ್ತು ತೆಗೆಯುತ್ತಾರೆ. ಇಷ್ಟೆಲ್ಲಕ್ಕೂ ಒಂದೆರಡು ನಿಮಿಷ ಸಾಕು. ಮನೆಯ ಕಾವಲಿಯ ಮೇಲೆ ಅದೇ ಹಿಟ್ಟು ಒಂದು ಮೈಯಲ್ಲಿ ಮಾತ್ರ ಮಂದವಾಗಿ ಬೇಯುತ್ತದೆ. ಮಗುಚಿ ಹಾಕುವ ವೇಳೆಗೆ ನೀರೆಲ್ಲ ಆರಿರುತ್ತದೆ. ಹೊರಗೆ ಗರಿ, ಒಳಗೆ ಮೃದು ಎಂಬ ಆ ಗುಣವು ವೇಗದಿಂದ ಬರತಕ್ಕದ್ದು. ನಿಧಾನದ ಕಾವಿಗೆ ಅದು ಒಲಿಯುವುದಿಲ್ಲ.

ಇಂತಹ ಒಲೆಯನ್ನು ಕಾಯಿಸುವುದಕ್ಕೆ ಬೇಕಾಗುವ ಕಟ್ಟಿಗೆ ಅಲ್ಪವಲ್ಲ. ಒಂದು ಸಂಸಾರದ ಹತ್ತು ರೊಟ್ಟಿಗಾಗಿ ಕಾಯಿಸುವುದೂ ಒಂದೇ, ನೂರು ರೊಟ್ಟಿಗಾಗಿ ಕಾಯಿಸುವುದೂ ಸರಿಸುಮಾರು ಒಂದೇ. ಮರವು ದುರ್ಲಭವಾದ ದೇಶಗಳಲ್ಲಿ ಇದರ ಪರಿಣಾಮವೇನಾಗಬೇಕೋ ಅದೇ ಆಯಿತು: ಒಲೆ ಒಂದು, ಮನೆಗಳು ಹಲವು. ಬೈಬಲ್ಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ, ಹತ್ತು ಮಂದಿ ಹೆಂಗಸರು ಒಂದೇ ಒಲೆಯಲ್ಲಿ ರೊಟ್ಟಿ ಸುಡುವ ಕಾಲ ಬರುವುದೆಂಬ ಮಾತು ಕ್ಷಾಮದ ಲಕ್ಷಣವಾಗಿ ಹೇಳಲ್ಪಟ್ಟಿದೆ. ಅಲ್ಲಿ ಶಾಪವಾದುದು ಪಂಜಾಬಿನಲ್ಲಿ ಸೌಖ್ಯವಾಯಿತು. ಪಂಜಾಬಿನ ಕೇರಿಗಳಲ್ಲಿ ‘ಸಾಂಝಾ ಚೂಲ್ಹಾ’, ಎಂದರೆ ಪಾಲಿನ ಒಲೆ, ಎಂಬುದು ಸಂಜೆಯ ಹೊತ್ತು ಹೆಂಗಸರು ಸೇರುವ ಜಾಗವಾಗಿತ್ತು. ತಂತಮ್ಮ ಮನೆಯಲ್ಲಿ ನಾದಿದ ಹಿಟ್ಟನ್ನು ಪರಾತದಲ್ಲಿಟ್ಟು ಬಟ್ಟೆ ಮುಚ್ಚಿ ತರುವುದು, ಸರದಿ ಬರುವವರೆಗೆ ಮಾತಾಡುತ್ತ ಕುಳಿತಿರುವುದು, ಸುಟ್ಟ ರೊಟ್ಟಿಯನ್ನು ಕಟ್ಟಿಕೊಂಡು ಮನೆಗೆ ಹೋಗುವುದು. ತಂದೂರಿನವಳಿಗೆ ಕೂಲಿಯಾಗಿ ಸ್ವಲ್ಪ ಹಿಟ್ಟೋ ಕಾಸೋ ಸಲ್ಲುತ್ತಿತ್ತು. ಹಿಟ್ಟು ಮನೆಯದು, ಬೆಂಕಿ ಊರಿನದು. ಅನುಕೂಲವುಳ್ಳ ರೈತರ ಅಂಗಳಗಳಲ್ಲಿ ಸ್ವಂತ ತಂದೂರುಗಳೂ ಇದ್ದುವೆಂಬುದು ನಿಜವೇ. ಆದರೆ ನೆರೆಯವರು ಅಲ್ಲಿಗೂ ಹಿಟ್ಟು ತರುತ್ತಿದ್ದರು.

ಈ ಊರೊಲೆಯು ಎಷ್ಟು ಮಂದಿಯ ಬಾಳಿಗೆ ಆಧಾರವಾಗಬಲ್ಲುದೆಂಬುದಕ್ಕೆ ಕಾಬೂಲಿನ ಉದಾಹರಣೆಯೊಂದು ಸಾಕು. 1990ರ ದಶಕದಲ್ಲಿ ಯುದ್ಧದಿಂದ ನಲುಗಿದ ಆ ನಗರದಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದವರ ನೆರವಿನಿಂದ ವಿಧವೆಯರೇ ನಡೆಸುವ ರೊಟ್ಟಿಯಂಗಡಿಗಳು ಏರ್ಪಟ್ಟುವು. ಬಡ ಸಂಸಾರಗಳಿಗೆ ಅಲ್ಲಿಂದ ಅಗ್ಗದ ಬೆಲೆಗೆ ನಾನ್ ದೊರೆಯುತ್ತಿತ್ತು. 2000ದ ಆಗಸ್ಟಿನಲ್ಲಿ ತಾಲಿಬಾನ್ ಆಡಳಿತವು ಅವುಗಳನ್ನು ಮುಚ್ಚುವಂತೆ ಆಜ್ಞಾಪಿಸಿ, ಬಳಿಕ ಆ ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಹೆಂಗಸರು ಹೊರಗೆ ದುಡಿಯಕೂಡದೆಂದು ವಿಧಿಸಿದ್ದ ಪ್ರಭುತ್ವವೂ ರೊಟ್ಟಿಯ ಒಲೆಯ ಮುಂದೆ ಅಳುಕಿತೆಂಬುದು ಗಮನಾರ್ಹ.

ಅರಮನೆಗಳ ಸಂಗತಿ ಬೇರೆ. ಅಕ್ಬರನ ಆಸ್ಥಾನದ ಅಬುಲ್ ಫಜಲನು 16ನೆಯ ಶತಮಾನದ ಕೊನೆಯ ದಶಕದಲ್ಲಿ ಬರೆದ ಐನ್-ಇ-ಅಕ್ಬರಿಯಲ್ಲಿ ರೊಟ್ಟಿಗಳಿಗಾಗಿಯೇ ಒಂದು ಪ್ರಕರಣವಿದೆ. ಒಲೆಯೊಳಗೆ ಬೇಯಿಸುವ ದೊಡ್ಡ ರೊಟ್ಟಿಗೆ 10 ಸೇರು ಹಿಟ್ಟು, 5 ಸೇರು ಹಾಲು, ಒಂದೂವರೆ ಸೇರು ತುಪ್ಪ, ಕಾಲು ಸೇರು ಉಪ್ಪು ಎಂದು ಲೆಕ್ಕ. ಕಬ್ಬಿಣದ ಹಂಚಿನ ಮೇಲೆ ಬೇಯಿಸುವ ತೆಳುವಾದ ಬಗೆಯಲ್ಲಿ ಒಂದು ಸೇರು ಹಿಟ್ಟಿಗೆ 15 ಅಥವಾ ಅದಕ್ಕೂ ಹೆಚ್ಚು ರೊಟ್ಟಿಗಳಾಗುವುವೆಂದೂ, ಅದರಲ್ಲಿ ಒಂದು ಬಗೆಗೆ ಚಪಾತಿಯೆಂದು ಹೆಸರೆಂದೂ, ಬಿಸಿಯಾಗಿ ಬಡಿಸಿದರೆ ಅದು ಬಹು ರುಚಿಯೆಂದೂ ಅವನು ತಿಳಿಸುತ್ತಾನೆ. ಒಲೆಯ ರೊಟ್ಟಿ, ಹಂಚಿನ ರೊಟ್ಟಿ ಎಂಬ ವಿಭಾಗವು ಆಗಲೇ ಸ್ಪಷ್ಟವಾಗಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ. ಹಿಟ್ಟಿನ ಅರ್ಧದಷ್ಟು ಹಾಲು ಹಾಕಿ ನಾದುವ ಪದ್ಧತಿಯೂ ಕುತೂಹಲಕರವಾದುದು. ಹೋಟೆಲಿನ ನಾನಿಗೆ ಹಾಲನ್ನೋ ಮೊಸರನ್ನೋ ಸೇರಿಸುವವರು ತಿಳಿಯದೆಯೇ ಅಕ್ಬರನ ಪಾಕಶಾಲೆಯನ್ನು ಅನುಸರಿಸುತ್ತಿದ್ದಾರೆ.

ಕನ್ನಡನಾಡಿನಲ್ಲಿ ತಂದೂರು ಮನೆಮನೆಗೆ ಏಕೆ ಬರಲಿಲ್ಲವೆಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಬೀದರ, ಕಲಬುರಗಿ, ವಿಜಾಪುರಗಳಲ್ಲಿ ಶತಮಾನಗಳ ಕಾಲ ಸುಲ್ತಾನರು ಆಳಿದರು. ಮಹಮೂದ್ ಗವಾನನಂತಹ ಪಾರಸೀಕ ಮಂತ್ರಿಯು 1472ರಲ್ಲಿ ಬೀದರದಲ್ಲಿ ವಿದ್ಯಾಲಯವನ್ನೇ ಕಟ್ಟಿಸಿದನು. ಪಾರಸೀ ಶಬ್ದಗಳು ಕನ್ನಡದ ಕಾಗದಪತ್ರಗಳಲ್ಲೆಲ್ಲ ತುಂಬಿಕೊಂಡುವು. ಆದರೂ ಹಳ್ಳಿಯ ಒಲೆಯು ಮಾರ್ಪಡಲಿಲ್ಲ. ಮುಖ್ಯ ಕಾರಣವು ಧಾನ್ಯದಲ್ಲಿದೆ. ಗೋದಿಯ ಹಿಟ್ಟನ್ನು ನೀರು ಹಾಕಿ ನಾದಿದರೆ ಎಳೆದಷ್ಟೂ ಬರುವ ಒಂದು ಜಿಗುಟು ಹುಟ್ಟುತ್ತದೆ. ಗೋಡೆಗೆ ತೂಗಿದರೂ ರೊಟ್ಟಿ ಹರಿದು ಬೀಳದಿರುವುದು ಆ ಜಿಗುಟಿನಿಂದ. ಜೋಳದಲ್ಲಿ ಅದಿಲ್ಲ. ಜೋಳದ ಹಿಟ್ಟಿಗೆ ಕುದಿನೀರು ಹಾಕಿ ಮಿದಿದು, ಕೈಯಿಂದ ತಟ್ಟಿ, ಹಂಚಿನ ಮೇಲೆ ಹಾಕಬೇಕೇ ಹೊರತು, ನಿಂತ ಗೋಡೆಗೆ ಅಂಟಿಸಿದರೆ ಅದು ಬೂದಿಯ ಪಾಲು. ಹಂಚು ಸಾಕಾದವರಿಗೆ ಕೇರಿಯ ಒಲೆ ಬೇಕಾಗಲಿಲ್ಲ. ಒಂದು ಹೊರೆ ಹತ್ತಿಕಟ್ಟಿಗೆಯಲ್ಲಿ, ನಾಲ್ಕು ಕುಳ್ಳಿನಲ್ಲಿ ಉತ್ತರ ಕರ್ಣಾಟಕದ ತಾಯಂದಿರು ಇಡೀ ಮನೆಯ ರೊಟ್ಟಿಯನ್ನು ಮುಗಿಸುತ್ತಿದ್ದರು. ಹಂಚಿನ ಮೇಲಿನ ರೊಟ್ಟಿಯ ಮೈಗೆ ಒದ್ದೆಬಟ್ಟೆಯಿಂದ ನೀರು ಸವರುವುದೂ ಅವರಿಗೆ ಗೊತ್ತಿತ್ತು. ಪಂಜಾಬಿನವರು ಅಂಟಲೆಂದು ಸವರಿದರೆ ಇವರು ಒಣಹಿಟ್ಟು ತೊಲಗಿ ರೊಟ್ಟಿ ಸೀಳದಿರಲೆಂದು ಸವರಿದರು.

ಗೋದಿಯ ಭಕ್ಷ್ಯಗಳಲ್ಲಿ ಕನ್ನಡಿಗರು ಹಿಂದೆ ಬಿದ್ದಿದ್ದರೆಂದು ಇದರಿಂದ ಭಾವಿಸಬಾರದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದ ಅನ್ನಭೋಗ ಪ್ರಕರಣದಲ್ಲಿ ‘ಮಂಡಕ’ದ ವಿಧಾನವಿದೆ: ಗೋದಿಯನ್ನು ತೊಳೆದು, ಒಣಗಿಸಿ, ಬೀಸಿ, ಜರಡಿ ಹಿಡಿದು, ತುಪ್ಪವೂ ಉಪ್ಪೂ ಸೇರಿಸಿ ನಾದಿ, ಉಂಡೆಯನ್ನು ಕೈಗಳಿಂದಲೇ ಹಿಗ್ಗಿಸಿ, ಕಾದ ಮಣ್ಣಿನ ಓಡಿನ ಮೇಲೆ ಹಾಕಿ ಬೇಯಿಸತಕ್ಕದ್ದು. ಕೆಂಡದ ಮೇಲೆಯೇ ಸುಡುವ ‘ಅಂಗಾರಪೋಲಿಕಾ’ ಎಂಬುದೂ ಅಲ್ಲಿ ಬರುತ್ತದೆ. ಆ ಮಂಡಕವೇ ಇಂದಿನ ಬೆಳಗಾವಿಯ ಮಂಡಿಗೆ. ಬೋರಲಾಗಿ ಕವುಚಿದ ಬಾಣಲೆಯ ಬೆನ್ನಿನ ಮೇಲೆ ಅದನ್ನು ಈಗಲೂ ಬೇಯಿಸುತ್ತಾರೆ. 16ನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನು ತನ್ನ ಸೂಪಶಾಸ್ತ್ರದ ಮೊದಲನೆಯ ಅಧ್ಯಾಯವನ್ನು ಪಿಷ್ಟಪಾಕಕ್ಕೇ ಮೀಸಲಿಟ್ಟಿದ್ದಾನೆ. ಅವನು ಹೇಳುವ ರೊಟ್ಟಿಗಳಲ್ಲಿ, ಮುಚ್ಚಳವಿಟ್ಟು ಕೆಳಗೂ ಮೇಲೂ ಕೆಂಡದ ಕಾವು ಕೊಟ್ಟು ಬೇಯಿಸುವ ಮುಚ್ಚಳ ರೊಟ್ಟಿಯು ಪ್ರಕೃತ ವಿಷಯಕ್ಕೆ ವಿಶೇಷವಾಗಿ ಸಂಬಂಧಿಸಿದೆ. ಎರಡು ಮೈಗಳಿಗೂ ಒಮ್ಮೆಲೇ ಕಾವು ತಗುಲಬೇಕೆಂಬುದೇ ತಂದೂರಿನ ತತ್ತ್ವವಲ್ಲವೇ? ಆ ತತ್ತ್ವವನ್ನು ಕನ್ನಡದ ಪಾಕಶಾಸ್ತ್ರಜ್ಞನು ಒಂದು ಕಾವಲಿ, ಒಂದು ಮುಚ್ಚಳಗಳಿಂದಲೇ ಸಾಧಿಸಿದ್ದನು.

ಕೇರಿಯ ರೊಟ್ಟಿಯು ಹೋಟೆಲಿನ ರೊಟ್ಟಿಯಾದುದು ಒಂದು ಮಹಾವಿಪತ್ತಿನ ಮೂಲಕ. 1947ರ ದೇಶವಿಭಜನೆಯಲ್ಲಿ ಪಶ್ಚಿಮ ಪಂಜಾಬು, ವಾಯವ್ಯ ಸರಹದ್ದುಗಳಿಂದ ಮನೆಮಾರುಗಳನ್ನು ಕಳೆದುಕೊಂಡು ದೆಹಲಿಗೆ ಬಂದು ಸೇರಿದವರ ಸಂಖ್ಯೆ ಸುಮಾರು 5 ಲಕ್ಷ. ಹೊಲ ಹೋಯಿತು, ಅಂಗಡಿ ಹೋಯಿತು. ಕೈಯಲ್ಲಿದ್ದ ಕಸಬು ಮಾತ್ರ ಉಳಿಯಿತು. ಹಳೆಯ ದೆಹಲಿಯ ಗಲ್ಲಿಗಳಲ್ಲಿ ನಾನ್‌ಬಾಯಿಗಳೆಂಬ ರೊಟ್ಟಿಗಾರರು ಅದಕ್ಕೆ ಮುಂಚೆಯೇ ಇದ್ದರಾದರೂ, ತಂದೂರನ್ನು ಭೋಜನಶಾಲೆಯ ಮುಂಬದಿಗೆ ತಂದು ನಿಲ್ಲಿಸಿದವರು ಈ ನಿರಾಶ್ರಿತರು. ಪೇಷಾವರದ ಗೋರಾ ಬಾಜಾರಿನ ಮೋಖಾ ಸಿಂಗರ ಭೋಜನಾಲಯದಲ್ಲಿ ದುಡಿದಿದ್ದ ಕುಂದನಲಾಲ ಗುಜರಾಲರೂ ಅವರ ಜತೆಗಾರರೂ ದರಿಯಾಗಂಜಿನಲ್ಲಿ 1947ರಲ್ಲಿಯೇ ಮೋತಿ ಮಹಲ್ ಎಂಬುದನ್ನು ತೆರೆದರು. ಅಲ್ಲಿಯ ತಿನಿಸುಗಳು ಪ್ರಧಾನಮಂತ್ರಿ ನೆಹರೂ ಅವರ ಅತಿಥಿಗಳವರೆಗೂ ಮುಟ್ಟಿದುವು; ಅಲ್ಲಿಂದ ಮುಂದೆ ತಂದೂರು ದೇಶದ ನಗರಗಳಿಗೆಲ್ಲ ಹಬ್ಬಿತು. ಅಲ್ಲಿಯ ಒಂದು ಮಾಂಸದಡುಗೆಯನ್ನು ಮೊದಲು ಮಾಡಿದ ಕೀರ್ತಿ ಯಾರದೆಂಬ ವ್ಯಾಜ್ಯವು 2024ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ರೊಟ್ಟಿಯ ಕೀರ್ತಿಗಾಗಿ ಮಾತ್ರ ಯಾರೂ ದಾವೆ ಹೂಡಲಿಲ್ಲ. ಅದು ಯಾರದೆಂದು ಹೇಳಿ ದಾವೆ ಹೂಡುವುದು?

ಆದರೆ ಈ ಬದಲಾವಣೆಯಲ್ಲಿ ಒಂದು ಅಂಶವು ಕಳೆದುಹೋಯಿತು. ಕೇರಿಯ ತಂದೂರಿಗೆ ಹೆಂಗಸರು ತಮ್ಮ ಹಿಟ್ಟನ್ನು ತರುತ್ತಿದ್ದರು. ಹೋಟೆಲಿಗೆ ಗಿರಾಕಿಯು ಬರಿಗೈಯಲ್ಲಿ ಬರುತ್ತಾನೆ. ಹೊಟ್ಟುಸಹಿತವಾದ ಮನೆಯ ಗೋದಿಹಿಟ್ಟಿನ ಸ್ಥಾನವನ್ನು ನುಣುಪಾದ ಮೈದಾ ಆಕ್ರಮಿಸಿತು; ದಿನನಿತ್ಯದ ಆಹಾರವು ವಿಶೇಷದ ತಿಂಡಿಯಾಯಿತು. ಮೈದಾ ಹೆಚ್ಚು ಉಬ್ಬುತ್ತದೆ, ಹೆಚ್ಚು ಬೆಳ್ಳಗಿರುತ್ತದೆ. ಆದರೆ ಪಂಜಾಬಿನ ರೈತನು ತಂದೂರಿನಿಂದ ತೆಗೆದು ತಿನ್ನುತ್ತಿದ್ದ ರೊಟ್ಟಿಗೆ ಅದರ ಅಗತ್ಯವಿರಲಿಲ್ಲ. ಮನೆಯಲ್ಲಿ ಮಾಡುವವರು ಅರ್ಧದಷ್ಟಾದರೂ ಗೋದಿಹಿಟ್ಟನ್ನು ಬೆರೆಸಿದರೆ ರುಚಿಗೂ ಆರೋಗ್ಯಕ್ಕೂ ಒಳ್ಳೆಯದು. ನೀರು ಮಾತ್ರ ಸ್ವಲ್ಪ ಹೆಚ್ಚು ಬೇಕಾಗುತ್ತದೆ.

ಇದ್ದಲಿನ ತಂದೂರಿನ ಕಾಲವೂ ಈಗ ನಗರಗಳಲ್ಲಿ ಮುಗಿಯುತ್ತಿರುವಂತೆ ತೋರುತ್ತದೆ. ಹೊಗೆಯಿಂದ ವಾಯು ಕೆಡುತ್ತಿದೆಯೆಂಬ ಕಾರಣದಿಂದ, 2025ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಟ್ಟಿಗೆ, ಇದ್ದಲುಗಳನ್ನು ಉರಿಸುವ ರೊಟ್ಟಿಭಟ್ಟಿಗಳು ಆರು ತಿಂಗಳೊಳಗೆ ಅನಿಲಕ್ಕೋ ವಿದ್ಯುತ್ತಿಗೋ ಮಾರ್ಪಡಬೇಕೆಂದು ವಿಧಿಸಿತು. ಅಲ್ಲಿಯ ನಗರಸಭೆಯು ತಂದೂರಿನ ಹೋಟೆಲುಗಳಿಗೂ ನೋಟೀಸುಗಳನ್ನು ಕಳುಹಿಸಿತು. ಹೊಗೆಯ ವಾಸನೆಯಿಲ್ಲದೆ ರೊಟ್ಟಿಗೆ ರುಚಿಯೆಲ್ಲಿಂದ ಬರಬೇಕೆಂದು ಕೆಲವರು ಆಕ್ಷೇಪಿಸಿದರು. ಒಂದೆರಡು ನಿಮಿಷದಲ್ಲಿ ಬೆಂದು ಹೊರಬರುವ ರೊಟ್ಟಿಯು ಕುಡಿಯುವ ಹೊಗೆ ಎಷ್ಟು ಮಹಾ! ಅದರ ಪರಿಮಳದಲ್ಲಿ ಹೆಚ್ಚು ಪಾಲು ಕಾವಿಗೆ ಕರಿದಾದ ಹಿಟ್ಟಿನದೇ. ದಿನವಿಡೀ ಆ ಬಾಯಿಯ ಮೇಲೆ ಬಾಗಿ ನಿಲ್ಲುವ ರೊಟ್ಟಿಗಾರನ ಎದೆಯನ್ನು ನೆನೆದರೆ ಈ ಆಕ್ಷೇಪವು ನಿಲ್ಲಲಾರದು.

ಕಾವೇ ಮುಖ್ಯವೆಂದ ಮೇಲೆ ಮನೆಯವರಿಗೂ ಆಶೆಯುಂಟು. 1965ರಲ್ಲಿ ಕಲ್ಕತ್ತೆಯಲ್ಲಿ ಇಂಡೇನ್ ಅನಿಲದ ಮೊದಲ ಸಂಪರ್ಕವನ್ನು ಕೊಟ್ಟಂದಿನಿಂದ ಕ್ರಮವಾಗಿ ಮನೆಮನೆಗೂ ಬಂದ ಅನಿಲದ ಒಲೆಯಲ್ಲಿ, ಬೇಕೆಂದ ಕ್ಷಣದಲ್ಲಿ ತೀಕ್ಷ್ಣವಾದ ಜ್ವಾಲೆ ದೊರೆಯುತ್ತದೆ. ಅದನ್ನು ಬಳಸಿ ಮನೆಯವರು ಕಂಡುಕೊಂಡ ಉಪಾಯವು ಸರಳವೂ ಚಮತ್ಕಾರವುಳ್ಳದ್ದೂ ಆಗಿದೆ. ಕಾಲು ಕಿಲೋ ಹಿಟ್ಟಿಗೆ ಅರ್ಧ ಚಮಚ ಉಪ್ಪು, ಒಂದು ಚಮಚ ಸಕ್ಕರೆ, ಕಾಲು ಚಮಚ ಅಡುಗೆ ಸೋಡಾ, ಕಾಲು ಬಟ್ಟಲು ಹುಳಿಮೊಸರು, ಒಂದು ದೊಡ್ಡ ಚಮಚ ಎಣ್ಣೆ ಸೇರಿಸಿ, ಸುಮಾರು ಅರ್ಧ ಬಟ್ಟಲು ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ, ಚಪಾತಿಯ ಕಣಕಕ್ಕಿಂತ ಮೆತ್ತಗಾಗುವಂತೆ ನಾದಬೇಕು. ಮೊಸರಿನ ಹುಳಿಯೂ ಸೋಡಾವೂ ಕೂಡಿ ವಾಯು ಹುಟ್ಟಿ ಹಿಟ್ಟು ಹಗುರಾಗುತ್ತದೆ. ಒದ್ದೆಬಟ್ಟೆ ಮುಚ್ಚಿ ಎರಡು ಗಂಟೆ ಬಿಟ್ಟರೆ ಜಿಗುಟು ಸಡಿಲಗೊಂಡು, ಲಟ್ಟಿಸಿದ ಹಾಳೆ ಮತ್ತೆ ಕುಗ್ಗುವುದಿಲ್ಲ. ಆರು ಉಂಡೆಗಳನ್ನು ಮಾಡಿ ಒಂದೊಂದನ್ನೂ ತೀರ ತೆಳುವಾಗದಂತೆ ಲಟ್ಟಿಸಿ, ಒಂದು ಮೈಗೆ ಧಾರಾಳವಾಗಿ ನೀರು ಸವರಿ, ಚೆನ್ನಾಗಿ ಕಾದ ಕಬ್ಬಿಣದ ಕಾವಲಿಗೆ ಆ ಮೈಯನ್ನು ಅಂಟಿಸಬೇಕು. ಮೇಲೆ ಗುಳ್ಳೆಗಳೆದ್ದೊಡನೆ ಕಾವಲಿಯನ್ನು ಹಿಡಿಯ ಸಹಿತ ಬೋರಲಾಗಿ ತಿರುಗಿಸಿ, ರೊಟ್ಟಿಯ ಮುಖವು ಜ್ವಾಲೆಗೆ ಕಾಣುವಂತೆ ನಾಲ್ಕು ಬೆರಳು ಎತ್ತರದಲ್ಲಿ ಹಿಡಿದು ಆಡಿಸಬೇಕು. ಗುಳ್ಳೆಗಳು ಅಲ್ಲಲ್ಲಿ ಕರಿದಾದ ಮೇಲೆ ಮಗುಚುವ ಕೈಯಿಂದ ಎಬ್ಬಿಸಿದರೆ ರೊಟ್ಟಿ ಸಿದ್ಧ. ಅಂಟದ ಲೇಪವುಳ್ಳ ಈಚಿನ ಕಾವಲಿಗಳಿಂದ ಈ ಕೆಲಸವಾಗದು. ತಿರುಗಿಸಿದೊಡನೆ ರೊಟ್ಟಿ ಜ್ವಾಲೆಯಲ್ಲಿ ಬೀಳುತ್ತದೆ, ಬರಿ ಲೇಪವನ್ನು ಅಷ್ಟು ಕಾಯಿಸುವುದೂ ಹಿತವಲ್ಲ. ವಿದ್ಯುತ್ತಿನ ಚಪ್ಪಟೆ ಒಲೆಯಲ್ಲಿ ಜ್ವಾಲೆಯೇ ಇಲ್ಲದಿರುವುದರಿಂದ ಅಲ್ಲಿ ಮಂಗರಸನ ದಾರಿಯೇ ಗತಿ: ದಪ್ಪ ಕಾವಲಿ, ಅದರ ಮೇಲೆ ಬೇರೆಯಾಗಿ ಕಾಯಿಸಿದ ಭಾರದ ಮುಚ್ಚಳ.

ನಾನಿಗೆ ಇನ್ನೊಂದು ಸ್ವಭಾವವಿದೆ: ಆರಿದರೆ ಕೆಲವೇ ನಿಮಿಷಗಳಲ್ಲಿ ತೊಗಲಿನಂತಾಗುತ್ತದೆ. ಜೋಳದ ರೊಟ್ಟಿಯನ್ನು ಒಣಗಿಸಿ ತಿಂಗಳುಗಟ್ಟಲೆ ಇಟ್ಟುಕೊಂಡು ಉಣ್ಣುವ ನಾಡಿಗೆ ಇದು ವಿಚಿತ್ರವಾಗಿ ಕಾಣಬಹುದು. ಹೋಟೆಲಿನಲ್ಲಿ ಸುಡುವವನು ಬೇರೆ, ಉಣ್ಣುವವರು ಬೇರೆ. ಪಾಲಿನ ಒಲೆಯಲ್ಲಿ ಎಲ್ಲರ ರೊಟ್ಟಿಯೂ ಒಟ್ಟಿಗೇ ಕಟ್ಟಿ ಮನೆಗೆ ಹೋಗುತ್ತಿತ್ತು. ಮನೆಯ ಅಡುಗೆಮನೆಯಲ್ಲಾದರೋ ಒಂದೊಂದಾಗಿ ಸುಟ್ಟು ಎಲೆಗೆ ಹಾಕುತ್ತ ನಿಂತಾಕೆಗೆ ಕಡೆಗೆ ದಕ್ಕುವುದು ಆರಿದ ನಾನ್. ಆದಕಾರಣ ಕೆಲವು ಮನೆಗಳಲ್ಲಿ ಎರಡು ಕಾವಲಿಗಳನ್ನು ಇಟ್ಟುಕೊಂಡು, ಹಿಟ್ಟು ನಾದಿದವರು ಮೊದಲ ಪಂಕ್ತಿಗೆ ಕುಳಿತು, ಉಂಡೆದ್ದವರು ಒಲೆಯ ಮುಂದೆ ನಿಲ್ಲುವ ಕ್ರಮವನ್ನು ಮಾಡಿಕೊಂಡಿದ್ದಾರೆ.